ಕಾವೇರಿಯಲ್ಲಿ ಫ್ಲೈ ಗಾಳ: ನಾನು ಪಾಲಿಸಿಕೊಂಡು ಬಂದ ಕ್ರಮ

ಮೈಸೂರಿನವನಾದ ನಾನು ಫ್ಲೈ ಗಾಳವನ್ನು ಕಲಿತದ್ದು ಹಿಮಾಚಲ ಪ್ರದೇಶದ ತೀರ್ಥನ್ ನದಿಯಲ್ಲಿ, ಟ್ರೌಟ್ ಮೀನಿಗಾಗಿ. ಅದನ್ನು ವರ್ಷಗಟ್ಟಲೆ ಮುಂದುವರಿಸಿಕೊಂಡು ಬಂದದ್ದು ಮಂಡ್ಯ ಜಿಲ್ಲೆಯ ಕಾವೇರಿ ಮತ್ತು ಹೇಮಾವತಿಯ ದಡಗಳಲ್ಲಿ, ಗೆಂಡೆ ಮತ್ತು ಮಹಸೀರ್ ಮೀನುಗಳ ನಡುವೆ. ಹಿಮ ಕರಗಿ ಹರಿಯುವ ತಣ್ಣೀರಿನಲ್ಲಿ ರೂಪುಗೊಂಡ ಒಂದು ವಿದ್ಯೆಯನ್ನು ಕಬ್ಬು, ಭತ್ತದ ಬಯಲಿನ ನಡುವೆ ಬೆಚ್ಚಗೆ ಹರಿಯುವ ಹೊಳೆಗೆ ತರುವಾಗ ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ನಾನು ನಿಧಾನವಾಗಿ ಕಂಡುಕೊಂಡೆ. ಈ ಕಡೆ ಫ್ಲೈ ಗಾಳ ಹಿಡಿಯುವ ಯುವಕರ ಸಂಖ್ಯೆ ಹೆಚ್ಚುತ್ತಿರುವುದರಿಂದ ಅದನ್ನು ಬರೆದಿಡುವುದು ಅಗತ್ಯವೆನಿಸಿತು.

ಮೊದಲು ವಿಧಾನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಅಥವಾ ಎರೆಯ ತೂಕವೇ ದಾರವನ್ನು ಎಳೆದುಕೊಂಡು ನೀರಿಗೆ ಬೀಳುತ್ತದೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ಕಟ್ಟಿದ ಗರಿಯ ಕೃತಕ ಹುಳುವಿಗೆ, ಅಂದರೆ ಫ್ಲೈಗೆ, ತೂಕವೇ ಇರುವುದಿಲ್ಲ. ತೂಕವಿರುವುದು ದಪ್ಪನೆಯ ಲೈನಿನಲ್ಲಿ, ಅದನ್ನು ಹಿಂದಕ್ಕೆ ಬೀಸಿ, ಪೂರ್ತಿ ಚಾಚಿಕೊಳ್ಳುವವರೆಗೆ ಕಾದು, ನಂತರ ಮುಂದಕ್ಕೆ ಬೀಸಬೇಕು. ಆ ಕಾಯುವಿಕೆಯೇ ಇಡೀ ವಿದ್ಯೆ ಎಂದರೂ ತಪ್ಪಿಲ್ಲ. ನಾನು ಅದನ್ನು ಕೊಯ್ಲಾದ ಗದ್ದೆಯ ಬಯಲಿನಲ್ಲಿ, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿಕೊಂಡು ಅಭ್ಯಾಸ ಮಾಡಿದೆ. ಗೆಂಡೆಗೆ 5ನೇ ತೂಕದ (ರಾಡ್ ಎಷ್ಟು ಭಾರದ ಲೈನಿಗೆ ಹೊಂದುತ್ತದೆಂಬ ಅಂಕಿ, ಹೆಚ್ಚಾದಷ್ಟೂ ರಾಡ್ ಬಲವಾದದ್ದು) ಒಂಬತ್ತು ಅಡಿ ರಾಡ್ ಸಾಕು, ಮಹಸೀರ್ ಇರುವ ನೀರಿನಲ್ಲಿ 8ನೇ ತೂಕಕ್ಕಿಂತ ಕಡಿಮೆಯದನ್ನು ನಾನು ಬಳಸುವುದಿಲ್ಲ. ಹಗುರವಾದ ರಾಡಿನಲ್ಲಿ ದೊಡ್ಡ ಮೀನನ್ನು ಬಹಳ ಹೊತ್ತು ಆಡಿಸುವುದನ್ನು ಕೆಲವರು ಕೌಶಲವೆಂದು ಹೊಗಳುತ್ತಾರೆ. ಹಾಗೆ ದಣಿದ ಮೀನು ಬಿಟ್ಟ ಮೇಲೂ ಬದುಕುವ ಸಾಧ್ಯತೆ ಕಡಿಮೆಯಾಗುತ್ತದೆಯಾದ್ದರಿಂದ ನಾನು ಅದನ್ನು ಕೌಶಲವೆಂದು ಒಪ್ಪುವುದಿಲ್ಲ.

ಫ್ಲೈಗಳನ್ನು ನಾನೇ ಕಟ್ಟುತ್ತೇನೆ. ವಿದೇಶದಲ್ಲಿ ಜಿಂಕೆಯ ಬಾಲದ ಕೂದಲಿನಿಂದ ಕಟ್ಟುವುದನ್ನು ಇಲ್ಲಿ ಮೇಕೆಯ ಬಾಲದ ಕೂದಲಿನಿಂದ ಕಟ್ಟಬಹುದು; ಕತ್ತಿನ ಗರಿಗೆ ನಾಟಿ ಹುಂಜ ಸಾಕು, ದಾರಕ್ಕೆ ಹೊಲಿಗೆಯ ನೂಲು. ನಮ್ಮ ಕಾಡಿನ ಪ್ರಾಣಿಪಕ್ಷಿಗಳ ಕೂದಲು, ಗರಿಗಳನ್ನು ಬಳಸುವ ಆಸೆಯನ್ನು ಆರಂಭದಲ್ಲಿಯೇ ಬಿಟ್ಟುಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣಕ್ಕೂ, ನಮ್ಮ ಹವ್ಯಾಸದ ಗೌರವಕ್ಕೂ ಅದು ಅಗತ್ಯ. ಕಟ್ಟಿ ಮುಗಿದ ಮೇಲೆ ಕೊಕ್ಕೆಯ ತುದಿಯ ಹಿಂದಿರುವ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುತ್ತೇನೆ. ಲೈನನ್ನು ಬಿಗಿಯಾಗಿ ಹಿಡಿದಿದ್ದರೆ ಮುಳ್ಳಿಲ್ಲದ ಕೊಕ್ಕೆಯಿಂದ ಮೀನು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದೂ ಇಲ್ಲ.

ಎಲ್ಲಿ ಗಾಳ ಹಾಕಬಾರದು ಎಂಬುದನ್ನು ಎಲ್ಲಿ ಹಾಕಬಹುದು ಎಂಬುದಕ್ಕಿಂತ ಮೊದಲು ತಿಳಿಯಬೇಕು. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಮುತ್ತತ್ತಿ, ಭೀಮೇಶ್ವರಿಗಳ ಭಾಗದ ಹೊಳೆ ಕಾವೇರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿದ್ದು, ಹಿಂದೆ ಅಲ್ಲಿ ಪ್ರಸಿದ್ಧವಾಗಿದ್ದ ಗಾಳದ ಶಿಬಿರಗಳು ನಿಂತುಹೋಗಿ ವರ್ಷಗಳಾಗಿವೆ. ಗಾಳ ಹಾಕಿ ಬಿಟ್ಟುಬಿಡುವುದರಿಂದ ಮೀನಿಗೆ ಹಾನಿಯಿಲ್ಲವೆಂದು ವಾದಿಸುವ ಸ್ನೇಹಿತರಿದ್ದಾರೆ, ಆದರೆ ಕಾನೂನು ಇರುವವರೆಗೆ ಆ ಗಡಿಯನ್ನು ನಾನು ದಾಟುವುದಿಲ್ಲ, ದಾಟುವವರ ಜೊತೆ ಹೋಗುವುದೂ ಇಲ್ಲ. ಉಳಿದ ಕಡೆಗಳಲ್ಲಿ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಆ ಭಾಗದ ಪರವಾನಗಿ ಅಥವಾ ಗುತ್ತಿಗೆ ಯಾರದೆಂದು ವಿಚಾರಿಸಿ, ಅವರನ್ನು ಭೇಟಿಯಾಗಿ ಒಪ್ಪಿಗೆ ಪಡೆದ ನಂತರವೇ ನೀರಿನ ಬಳಿ ಹೋಗುತ್ತೇನೆ.

ಇನ್ನು ಮರ್ಯಾದೆಯ ವಿಷಯ. ಟ್ರೌಟ್ ಹೊಳೆಗಳಲ್ಲಿ ಒಂದು ಹಳೆಯ ಕಟ್ಟಳೆಯಿದೆ: ಒಂದು ಮಡುವಿಗೆ ಯಾರು ಮೊದಲು ಬಂದಿರುತ್ತಾರೋ ಅವರದೇ ಆ ಮಡು, ನಂತರ ಬಂದವನು ಕೇಳದೆ ಹತ್ತಿರ ಇಳಿಯಬಾರದು, ಅವರು ಯಾವ ದಿಕ್ಕಿಗೆ ಸಾಗುತ್ತಿದ್ದಾರೋ ಆ ದಿಕ್ಕಿನ ನೀರನ್ನು ಕಲಕಬಾರದು, ದಡದಿಂದ ದೂರ ಸರಿದು ಸುತ್ತಿ ಹೋಗಬೇಕು. ತೀರ್ಥನ್‌ನಲ್ಲಿ ಇದನ್ನು ನಾನು ಗಾಳ ಹಾಕುವವರ ನಡುವಿನ ಸೌಜನ್ಯವೆಂದು ಕಲಿತೆ. ಶ್ರೀರಂಗಪಟ್ಟಣದ ಕೆಳಗಿನ ಕಾವೇರಿಯಲ್ಲಿ ಅದೇ ಕಟ್ಟಳೆಯನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಮೊದಲು ಬಂದವರು ಯಾರೆಂಬುದು ಬೇಗನೆ ತಿಳಿಯುತ್ತದೆ. ಬೆಳಕು ಹರಿಯುವ ಮುನ್ನವೇ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ಬಂದಿರುವ ಬೆಸ್ತರು ಮೊದಲು ಬಂದವರು. ಬಟ್ಟೆ ಒಗೆಯುವ ಹೆಂಗಸರು, ದನಗಳಿಗೆ ನೀರು ಕುಡಿಸಲು ಬರುವವರು, ಸಂಗಮದಲ್ಲಿ ಪಿಂಡ ಬಿಡಲು ಬಂದ ಕುಟುಂಬಗಳು, ಇವರೆಲ್ಲರೂ ನಮಗಿಂತ ಮೊದಲಿನವರು. ಮೂವತ್ತು ಅಡಿ ಲೈನು ಹಿಂದಕ್ಕೂ ಮುಂದಕ್ಕೂ ಬೀಸುವವನು ಸ್ನಾನದ ಘಟ್ಟದ ಹತ್ತಿರ ನಿಲ್ಲುವುದು ಅಸಭ್ಯತೆ ಮಾತ್ರವಲ್ಲ, ಅಪಾಯ ಕೂಡ. ಕೊಕ್ಕೆ ಒಂದು ಮಗುವಿನ ಕಣ್ಣಿಗೆ ತಗಲಲು ಕ್ಷಣವೂ ಬೇಡ.

ಬಲೆಯನ್ನು ದೂರದಿಂದ ಗುರುತಿಸುವುದು ಹೊಸಬರಿಗೆ ಕಷ್ಟ. ನೀರಿನ ಮೇಲೆ ತೇಲುವ ಥರ್ಮೋಕೋಲ್ ಚೂರುಗಳ ಅಥವಾ ಖಾಲಿ ಬಾಟಲಿಗಳ ಸಾಲು ಕಂಡರೆ ಅದರ ಕೆಳಗೆ ಬಲೆ ಇದೆಯೆಂದು ತಿಳಿದು, ಅದಕ್ಕೆ ಎರಡೂ ಕಡೆ ಸಾಕಷ್ಟು ಜಾಗ ಬಿಡಬೇಕು. ಒಬ್ಬ ಹಿರಿಯ ಬೆಸ್ತರು ನನಗೆ ಮೊದಲ ಬಾರಿ ಹೇಳಿದ ಮಾತು ಇಷ್ಟೇ: "ಬಲೆ ಬುಟ್ಟಿವ್ನಿ ಸ್ವಾಮಿ, ಒಸಿ ಅತ್ಲಾಗಿಂದ ಹೋಗಿ." ನಾನು ರಾಡ್ ಮಡಚಿಕೊಂಡು ಗದ್ದೆಯ ಬದುವಿನ ಮೇಲೆ ಸುತ್ತಿ ಹೋದೆ. ಮುಂದೆ ಅವರೇ ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆ, ಹೊಳೆಮತ್ತಿಯ ಬೇರು ಚಾಚಿದ ಕಡೆ ನೆರಳಿನಲ್ಲಿ ಯಾವ ಹೊತ್ತಿಗೆ ಗೆಂಡೆ ಮೇಲೇಳುತ್ತದೆ, ಅತ್ತಿಯ ಹಣ್ಣು ಉದುರುವ ಕಾಲದಲ್ಲಿ ಮಹಸೀರ್ ಎಲ್ಲಿ ಕಾಯುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ಬಿಡುವಿನ ದಿನ ಹವ್ಯಾಸಕ್ಕೆ ಬರುವ ನಮಗಿಂತ ಅದೇ ಹೊಳೆಯಿಂದ ಸಂಸಾರ ನಡೆಸುವವರ ಹಕ್ಕು ದೊಡ್ಡದು ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನೀರಿಗೆ ಇಳಿಯುವ ಬಗ್ಗೆಯೂ ಇಲ್ಲಿನ ನಿಯಮ ಬೇರೆ. ಟ್ರೌಟ್ ಗಾಳದವರು ಸೊಂಟದವರೆಗೆ ನೀರಿನಲ್ಲಿ ನಿಂತ ಚಿತ್ರಗಳನ್ನು ನೋಡಿ ಬಂದವರಿಗೆ ನಾನು ಮೊಣಕಾಲಿಗಿಂತ ಮೇಲೆ ಇಳಿಯಬೇಡಿ ಎನ್ನುತ್ತೇನೆ. ಕನ್ನಂಬಾಡಿಯಿಂದ ನೀರು ಬಿಟ್ಟಾಗ ಕೆಳಗಿನ ಹೊಳೆಯ ಮಟ್ಟ ನೋಡನೋಡುತ್ತಿದ್ದಂತೆ ಏರುತ್ತದೆ, ನಡುಗಡ್ಡೆಗೆ ದಾಟಿದವರಿಗೆ ಹಿಂತಿರುಗುವ ದಾರಿ ಮುಚ್ಚಿಹೋಗುತ್ತದೆ. ಬಂಡೆಗಳ ನಡುವಿನ ಕೊರಕಲುಗಳು ಮೇಲಿನಿಂದ ಕಾಣುವುದಿಲ್ಲ. ಈ ಭಾಗದಲ್ಲಿ ಮೊಸಳೆಗಳೂ ಇವೆ. ಹೊರಡುವ ಮುನ್ನ ಜಲಾಶಯದ ಹೊರಹರಿವು ಎಷ್ಟಿದೆಯೆಂದು ಪತ್ರಿಕೆಯಲ್ಲಿ ನೋಡಿಕೊಳ್ಳುವುದು ನನ್ನ ರೂಢಿ. ಏರಿಕೆ ಇದ್ದರೆ ಆ ದಿನ ಹೋಗುವುದಿಲ್ಲ.

ಮೀನನ್ನು ಹಿಡಿದು ಬಿಡುವ ವಿಷಯಕ್ಕೆ ಬಂದರೆ, ಬಿಟ್ಟೆವು ಎಂದ ಮಾತ್ರಕ್ಕೆ ಅದು ಬದುಕಿತು ಎಂದಾಗುವುದಿಲ್ಲ. ರೇನ್‌ಬೋ ಟ್ರೌಟ್ ಮೇಲೆ ಕೆನಡಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಚೆನ್ನಾಗಿ ದಣಿಸಿ ನೀರಿನಲ್ಲಿಯೇ ಇರಿಸಿದ ಮೀನುಗಳಲ್ಲಿ ಸತ್ತವು ಶೇಕಡ 12. ದಣಿಸಿದ ನಂತರ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇಕಡ 38. 60 ಸೆಕೆಂಡು ಹಿಡಿದವುಗಳಲ್ಲಿ ಶೇಕಡ 72. ಕಿವಿರಿನ ಎಸಳುಗಳು ನೀರಿಲ್ಲದಿದ್ದಾಗ ಒಂದಕ್ಕೊಂದು ಅಂಟಿಕೊಂಡು ಉಸಿರಾಟವೇ ನಿಲ್ಲುತ್ತದೆ. ನಮ್ಮ ಮೀನುಗಳಿಗೆ ಅದೇ ಅಂಕಿಗಳು ಅನ್ವಯಿಸುತ್ತವೆಂದು ನಾನು ಹೇಳುತ್ತಿಲ್ಲ, ಆದರೆ ಫೋಟೋಗಾಗಿ ಒಂದು ನಿಮಿಷ ಮೀನನ್ನು ಎತ್ತಿ ಹಿಡಿಯುವ ಅಭ್ಯಾಸವನ್ನು ಬಿಡಲು ಇಷ್ಟು ತಿಳಿದರೆ ಸಾಕು. ನಾನು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲಿಯೇ ಇಟ್ಟು ಕೊಕ್ಕೆ ಬಿಡಿಸಿ, ತಲೆಯನ್ನು ಹರಿವಿನ ಕಡೆಗೆ ತಿರುಗಿಸಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯುತ್ತೇನೆ. ಮರಳಿನ ಮೇಲೆ, ಬಿಸಿಯಾದ ಬಂಡೆಯ ಮೇಲೆ ಮಲಗಿಸಿದರೆ ಮೈಮೇಲಿನ ಲೋಳೆ ಹೋಗಿ ಸೋಂಕಿಗೆ ದಾರಿಯಾಗುತ್ತದೆ.

ತಣ್ಣೀರಿನವರು ನೀರಿನ ಉಷ್ಣತೆ 20 ಡಿಗ್ರಿ ತಲುಪಿತೆಂದರೆ ಟ್ರೌಟ್ ಗಾಳವನ್ನು ನಿಲ್ಲಿಸುತ್ತಾರೆ. ಕಾರಣ ಸರಳ: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಚರಂಡಿ ನೀರು ಸೇರುವ ಕಡೆ ಅದೂ ಇರುವುದಿಲ್ಲ. ನಮ್ಮ ಮೀನುಗಳು ಬೆಚ್ಚನೆಯ ನೀರಿಗೆ ಹೊಂದಿಕೊಂಡಿವೆ ಎಂಬುದು ನಿಜವಾದರೂ ಏಪ್ರಿಲ್, ಮೇ ತಿಂಗಳಲ್ಲಿ ಹರಿವು ಸೊರಗಿ ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿಕೊಂಡಿರುವಾಗ ಅವುಗಳನ್ನು ದಣಿಸುವುದು ನನಗೆ ಸರಿಕಾಣುವುದಿಲ್ಲ. ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡಿರುತ್ತೇನೆ, 28 ಡಿಗ್ರಿ ದಾಟಿದರೆ ರಾಡ್ ಬಿಚ್ಚಿಡುತ್ತೇನೆ. ಇದು ನನ್ನ ಸ್ವಂತ ಮಿತಿ. ಮುಂಗಾರು ಬಂದು ಹೊಸ ನೀರು ಇಳಿದ ಮೇಲೆ ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಹತ್ತುವುದರಿಂದ ಆಗಲೂ ಗಾಳ ಹಾಕುವುದಿಲ್ಲ. ಹಿಮಾಚಲದಲ್ಲಿ ಟ್ರೌಟ್ ಮೊಟ್ಟೆಯಿಡುವ ನವೆಂಬರಿನಿಂದ ಫೆಬ್ರವರಿಯವರೆಗೆ ಹೊಳೆಗಳನ್ನು ಮುಚ್ಚುವುದು ಇದೇ ತರ್ಕದಿಂದ. ಹೀಗಾಗಿ ನನ್ನ ಪಾಲಿಗೆ ಉಳಿಯುವುದು ಅಕ್ಟೋಬರಿನ ಕೊನೆಯಿಂದ ಮಾರ್ಚಿನವರೆಗಿನ ಕಾಲ, ಅದು ಸಾಕು.

ಕಾವೇರಿಯಲ್ಲಿ ಈ ಎಚ್ಚರ ಏಕೆ ಹೆಚ್ಚು ಬೇಕೆಂದರೆ, ಇಲ್ಲಿನ ಡುಬ್ಬದ ಮಹಸೀರ್ ಕಾವೇರಿ ಜಲಾನಯನವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲದ ಮೀನು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಅಂಥ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅತ್ಯಂತ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಈಗ ನಮ್ಮ ಗಾಳಕ್ಕೆ ಸಿಗುವುದು ಹೆಚ್ಚಾಗಿ ನೀಲಿ ರೆಕ್ಕೆಯ ಮಹಸೀರ್, ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಿಂದ ತಂದು ಬಿಟ್ಟ ತಳಿ. ಸದುದ್ದೇಶದಿಂದಲೇ ಹೊರಗಿನ ಮೀನು ತಂದು ಬಿಡುವುದು ಎಂಥ ಪರಿಣಾಮಕ್ಕೆ ದಾರಿಯಾಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಅಕ್ವೇರಿಯಂ ಮೀನುಗಳನ್ನು ಪುಣ್ಯವೆಂದು ಹೊಳೆಗೆ ಬಿಡಬೇಡಿ ಎಂದು ನಾನು ನೆರೆಹೊರೆಯವರನ್ನೂ ಕೇಳಿಕೊಳ್ಳುತ್ತೇನೆ. ಗಾಳಕ್ಕೆ ಜಿಲೇಬಿ ಮೀನು, ಅಂದರೆ ಹೊರದೇಶದಿಂದ ಬಂದ ತಿಲಾಪಿಯಾ, ಬಿದ್ದರೆ ನಾನು ಅದನ್ನು ಮರಳಿ ಬಿಡುವುದಿಲ್ಲ, ಮನೆಗೆ ತರುತ್ತೇನೆ.

ಹರಿದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟು ಹೋಗುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ರಂಗನತಿಟ್ಟಿನಲ್ಲಿಯೂ ಕೊಕ್ಕರೆ ಬೆಳ್ಳೂರಿನಲ್ಲಿಯೂ ಗೂಡು ಕಟ್ಟುವ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮೇಯಲು ಬರುವುದು ನಾವು ಗಾಳ ಹಾಕುವ ಇದೇ ಹೊಳೆ, ಕೆರೆಗಳಿಗೆ. ಕಾಲಿಗೆ ಅಥವಾ ಕೊಕ್ಕಿಗೆ ದಾರ ಸುತ್ತಿಕೊಂಡ ಹಕ್ಕಿ ಹಸಿವಿನಿಂದ ಸಾಯುತ್ತದೆ. ನನ್ನ ಚೀಲದಲ್ಲಿ ಒಂದು ಮುಚ್ಚಳದ ಡಬ್ಬಿ ಇರುತ್ತದೆ. ನನ್ನದೂ ಇತರರದೂ ಸಿಕ್ಕ ದಾರವನ್ನೆಲ್ಲ ಅದರಲ್ಲಿ ತುಂಬಿ ಮನೆಗೆ ತಂದು, ಸಣ್ಣಗೆ ಕತ್ತರಿಸಿ ಕಸಕ್ಕೆ ಹಾಕುತ್ತೇನೆ.

ತೋಟೆ ಸಿಡಿಸಿ ಅಥವಾ ವಿಷ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಆದರೂ ನಡೆಯುತ್ತದೆ, ಒಂದು ಸಿಡಿತಕ್ಕೆ ಮಡುವಿನ ಮರಿಗಳವರೆಗೂ ಎಲ್ಲವೂ ಸಾಯುತ್ತವೆ. ಅಂಥವರನ್ನು ಒಬ್ಬರೇ ಎದುರಿಸುವುದು ಅಪಾಯಕಾರಿ. ನಾವು ಮಾಡಿಕೊಂಡಿರುವ ವ್ಯವಸ್ಥೆ ಸರಳವಾದದ್ದು: ಶಬ್ದ ಕೇಳಿದರೆ ಅಥವಾ ಸತ್ತ ಮೀನು ಒಟ್ಟಿಗೆ ತೇಲಿದ್ದು ಕಂಡರೆ ಜಾಗ, ಸಮಯಗಳನ್ನು ಗುರುತು ಹಾಕಿಕೊಂಡು, ದೂರದಿಂದ ಫೋಟೋ ತೆಗೆದು ಪೊಲೀಸರಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸುವುದು. ಬೆಸ್ತರು ಇದರಲ್ಲಿ ನಮ್ಮ ಜೊತೆಗಿದ್ದಾರೆ, ಏಕೆಂದರೆ ತೋಟೆಯಿಂದ ಮೊದಲು ನಷ್ಟವಾಗುವುದು ಅವರಿಗೆ. ಮರಳು ತೆಗೆಯುವುದರ ವಿಷಯದಲ್ಲಿಯೂ ಹೀಗೆಯೇ ದೂರು ಕೊಡುತ್ತೇವೆ. ಜಲ್ಲಿ, ಮರಳಿನ ತಳ ಹೋದರೆ ಮೀನಿಗೆ ಮೊಟ್ಟೆಯಿಡಲು ನೆಲೆಯೇ ಇರುವುದಿಲ್ಲ.

ಕೊನೆಯದಾಗಿ ಟಿಪ್ಪಣಿ ಪುಸ್ತಕದ ವಿಷಯ. ಕಾವೇರಿ ದಡದ ಗಾಳಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದಲೇ ನೀಲಿ ರೆಕ್ಕೆಯ ಮಹಸೀರ್ ಹೆಚ್ಚಿ ಡುಬ್ಬದ ಮಹಸೀರ್ ಕುಸಿದ ಸಂಗತಿ ವಿಜ್ಞಾನಿಗಳಿಗೆ ತಿಳಿದದ್ದು. ಅಂದು ಬರೆದವರಿಗೆ ಅದರ ಬೆಲೆ ಗೊತ್ತಿದ್ದಿರಲಾರದು. ಆದ್ದರಿಂದ ನನ್ನ ಜೊತೆ ಬರುವ ಯುವಕರಿಗೆ ಮೊದಲು ಕೊಡುವುದು ಫ್ಲೈ ಅಲ್ಲ, ಒಂದು ನೋಟ್‌ಬುಕ್: ದಿನಾಂಕ, ಜಾಗ, ಗಾಳ ಹಾಕಿದ ಗಂಟೆಗಳು, ನೀರಿನ ಉಷ್ಣತೆ, ಮೀನಿನ ಜಾತಿ, ಉದ್ದ, ರೆಕ್ಕೆಯ ಬಣ್ಣ. ಮೀನು ಸಿಗದ ದಿನವನ್ನೂ ಬರೆಯಬೇಕು; ಗಂಟೆಗಳ ಲೆಕ್ಕವಿಲ್ಲದಿದ್ದರೆ ಮೀನಿನ ಲೆಕ್ಕಕ್ಕೆ ಅರ್ಥವಿಲ್ಲ.