ಹಳೇ ಟ್ರ್ಯಾಕ್ಟರ್ ಲೋಡರ್ ನಿಧಾನ ಆಗಿದ್ದು ಸರಿ ಹೋಯ್ತು: ನನ್ನ ಅನುಭವ

ಬಕೆಟ್ ಖಾಲಿ ಇದ್ರೂ ಫ್ರಂಟ್ ಲೋಡರ್ ತೆವಳ್ಕೊಂಡು ಏಳ್ತಿತ್ತು, ಬಕೆಟ್ ಎತ್ತೋ ಹೈಡ್ರಾಲಿಕ್ ಆಯಿಲ್ ತಣ್ಣಗಿದ್ದಾಗಂತೂ ಪಂಪ್ ಕಿರುಚೋದು. ರಿಲೀಫ್ ವಾಲ್ವ್ (ಆಯಿಲ್ ಪ್ರೆಶರ್ ಮಿತಿ ಮೀರದ ಹಾಗೆ ತಡೆಯೋ ವಾಲ್ವ್) ಟೈಟ್ ಮಾಡು ಅಂತ ಸುಮಾರು ಜನ ಹೇಳಿದ್ರು, ದಯವಿಟ್ಟು ಪ್ರೆಶರ್ ಗೇಜ್ ಇಲ್ದೆ ಅದಕ್ಕೆ ಕೈ ಹಾಕ್ಬೇಡಿ, ಪ್ರೆಶರ್ ಜಾಸ್ತಿ ಆದ್ರೆ ಎತ್ತೋ ಶಕ್ತಿ ಜಾಸ್ತಿ ಆಗುತ್ತೆ ಅಷ್ಟೇ, ಸ್ಪೀಡ್ ಬರೋದು ಆಯಿಲ್ ಫ್ಲೋ ಇಂದ.

ಲೋಡ್ ಎತ್ತಿ ಲಿವರ್ ನ್ಯೂಟ್ರಲ್‌ಗೆ ಬಿಟ್ಟೆ, ಬಕೆಟ್ ಇಳೀಲಿಲ್ಲ, ಹಾಗಾಗಿ ಸಿಲಿಂಡರ್ ಸೀಲ್ ಮೇಲಿನ ಅನುಮಾನ ಕಮ್ಮಿ ಆಯ್ತು. ಆಯಿಲ್ ಲೆವೆಲ್ ಸರಿ ಇತ್ತು ಆದ್ರೆ ಮಜ್ಜಿಗೆ ಥರ ನೊರೆ, ಸ್ವಲ್ಪ ಹೊತ್ತು ಬಿಟ್ರೆ ತಿಳಿ ಆಗೋದು, ಅಂದ್ರೆ ನೀರು ಸೇರಿಲ್ಲ, ಗಾಳಿ ಎಳೀತಿದೆ. ಸಕ್ಷನ್ ಕಡೆ (ಪಂಪ್ ಟ್ಯಾಂಕಿಂದ ಆಯಿಲ್ ಎಳ್ಕೊಳ್ಳೋ ಕಡೆ) ಲೀಕ್ ಇದ್ರೆ ಎಂಜಿನ್ ಓಡುವಾಗ ಆಯಿಲ್ ಹೊರಗೆ ಸುರಿಯಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಕಣ್ಣಿಗೆ ಬೀಳಲ್ಲ.

ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಪ್ರೆಶರ್ ಬಿಟ್ಟು ಬಿಚ್ಚಿದೆ. ಸಕ್ಷನ್ ಸ್ಟ್ರೈನರ್ (ಆಯಿಲ್ ಸೋಸೋ ಜಾಲರಿ) ತುಂಬಾ ಕೆಸರು, ಹೋಸ್ ಒಣಗಿ ಬಿರುಕು ಬಿಟ್ಟಿತ್ತು. ಸ್ಟ್ರೈನರ್ ತೊಳೆದು, ಹೋಸ್, ಕ್ಲ್ಯಾಂಪ್, ಫಿಲ್ಟರ್, ಆಯಿಲ್ ಎಲ್ಲಾ ಹೊಸದು ಹಾಕಿ, ಕಮ್ಮಿ ಆರ್‌ಪಿಎಂನಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ತೆಗೆದೆ, ಲೆವೆಲ್ ಇಳಿದಿತ್ತು, ಮತ್ತೆ ತುಂಬಿಸಿದೆ. ಪಂಪ್ ಸದ್ದು ನಿಂತಿದೆ, ಲೋಡರ್ ಈಗ ಸಲೀಸಾಗಿ ಏಳುತ್ತೆ, ಪಂಪ್ ಬದಲಾಯಿಸೋ ಅಗತ್ಯಾನೇ ಬೀಳ್ಲಿಲ್ಲ.