ಆರ್ಡರ್ ಬಂತು, ಕೈಯಲ್ಲಿ ಕಾಸಿರಲಿಲ್ಲ

ಸಾಂಕ್ರಾಮಿಕದ ಏಟಿನಿಂದ ಉದ್ಯಮವೊಂದು ಹೇಗೆ ಎದ್ದು ನಿಲ್ಲುತ್ತದೆ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದು: ಬಾಗಿಲು ಹಾಕಿದ್ದ ತಿಂಗಳುಗಳಿಗಿಂತ ಬಾಗಿಲು ತೆರೆದ ಮೇಲಿನ ತಿಂಗಳುಗಳೇ ಹೆಚ್ಚು ಅಪಾಯದವು. ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಲೆಕ್ಕಪತ್ರ, ಸಂಬಳ, ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಸಾಂಕ್ರಾಮಿಕವಾಗಿದೆ ಎಂದು ಸಾರಿದ ಬೆನ್ನಿಗೇ ನಮ್ಮ ಲೇತ್‌ಗಳೂ ನಿಂತವು. ಆದರೆ ನಿಂತಾಗ ಖರ್ಚೂ ಬಹುಪಾಲು ನಿಂತಿತ್ತು. ಕಚ್ಚಾ ಮಾಲು ಕೊಳ್ಳುವಂತಿರಲಿಲ್ಲ, ಸಾಗಣೆ ಇರಲಿಲ್ಲ, ಕರೆಂಟ್ ಬಿಲ್ ಇಳಿದಿತ್ತು. ಉಳಿದದ್ದು ಬಾಡಿಗೆ, ಬಡ್ಡಿ, ಸಂಬಳ. ಆರ್ಡರ್‌ಗಳು ಮರಳಿ ಬಂದಾಗಲೇ ಎಲ್ಲ ಖರ್ಚುಗಳೂ ಒಟ್ಟಿಗೆ ಬಾಯಿ ತೆರೆದದ್ದು.

ಇದರ ಲೆಕ್ಕ ಹೀಗಿದೆ. ನಮ್ಮ ವ್ಯಾಪಾರದಲ್ಲಿ ಮಾಲು ಕಳಿಸಿ ಬಿಲ್ ಕೊಟ್ಟರೆ ದುಡ್ಡು ಕೈಗೆ ಬರುವುದು ಎರಡು ಮೂರು ತಿಂಗಳ ಮೇಲೆ. ಮಾಮೂಲಿ ದಿನಗಳಲ್ಲಿ ಹಳೆಯ ಬಿಲ್ಲುಗಳ ಹಣ ಹೊಸ ಕೆಲಸದ ಖರ್ಚನ್ನು ಹೊತ್ತುಕೊಂಡು ಹೋಗುತ್ತಿರುತ್ತದೆ. ಘಟಕ ಮುಚ್ಚಿದ್ದಾಗ ಬಿಲ್ಲೇ ಆಗಿರುವುದಿಲ್ಲವಾದ್ದರಿಂದ ತೆರೆದ ಮೇಲೆ ಬರಬೇಕಾದ ಹಳೆಯ ಹಣವೂ ಇರುವುದಿಲ್ಲ. ಸಾಲದ್ದಕ್ಕೆ, ವರ್ಷಗಳಿಂದ ಉದ್ರಿ ಕೊಡುತ್ತಿದ್ದ ಉಕ್ಕಿನ ವ್ಯಾಪಾರಿಗಳು ತಾವೇ ಕೈಸುಟ್ಟುಕೊಂಡಿದ್ದರು. ‘ಮೊದಲು ದುಡ್ಡು ಹಾಕಿ, ಆಮೇಲೆ ಲೋಡ್ ಕಳಿಸ್ತೀವಿ’ ಎನ್ನತೊಡಗಿದರು. ಇತ್ತ ಗಿರಾಕಿಗಳು ಇನ್ನೂ ಒಂದು ತಿಂಗಳು ತಡೆಯಿರಿ ಎನ್ನುತ್ತಿದ್ದರು. ಹೀಗಾಗಿ ಆರ್ಡರ್ ಹೆಚ್ಚಿದಷ್ಟೂ ಗಲ್ಲಾಪೆಟ್ಟಿಗೆ ಬರಿದಾಗುತ್ತಿತ್ತು. ಅಮೆರಿಕದ ಸಣ್ಣ ಉದ್ಯಮಗಳ ಬ್ಯಾಂಕ್ ಖಾತೆಗಳನ್ನು ನೋಡಿ ಜೆಪಿ ಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳಬರುವ ಹಣ ನಿಂತರೆ ಅವುಗಳಲ್ಲಿ ಅರ್ಧದಷ್ಟಕ್ಕೆ 27 ದಿನ ದಾಟುವಷ್ಟು ನಗದೂ ಇರಲಿಲ್ಲ. ಅದು ಸಾಂಕ್ರಾಮಿಕಕ್ಕೆ ನಾಲ್ಕು ವರ್ಷ ಮೊದಲಿನ ಮಾತು.

ನಾನು ಮೊದಲು ಮಾಡಿದ್ದು ಲಾಭನಷ್ಟದ ತಖ್ತೆಯನ್ನು ಪಕ್ಕಕ್ಕಿಟ್ಟು ಹದಿಮೂರು ವಾರಗಳ ನಗದು ಪಟ್ಟಿ ಬರೆದದ್ದು. ಪ್ರತಿ ವಾರಕ್ಕೂ ಒಂದು ಕಾಲಂ: ಆ ವಾರ ನಿಜಕ್ಕೂ ಬರುವ ಹಣ, ನಿಜಕ್ಕೂ ಹೋಗುವ ಹಣ. ಬಿಲ್ ಆದದ್ದನ್ನು ಅದರಲ್ಲಿ ಬರೆಯುವಂತಿಲ್ಲ. ಗಿರಾಕಿಯ ಹಿಂದಿನ ನಡವಳಿಕೆ ನೋಡಿ, ಅವನು ಕೊಡುತ್ತೇನೆಂದ ವಾರಕ್ಕಲ್ಲ, ಕೊಡುವ ವಾರಕ್ಕೆ ಬರೆಯಬೇಕು. ಪ್ರತಿ ಸೋಮವಾರ ಮುಗಿದ ವಾರವನ್ನು ಅಳಿಸಿ ತುದಿಗೆ ಹೊಸದೊಂದನ್ನು ಸೇರಿಸಬೇಕು. ಮೊತ್ತ ಸೊನ್ನೆಗಿಂತ ಕೆಳಗಿಳಿಯುವ ವಾರ ಕಣ್ಣಿಗೆ ಬಿದ್ದರೆ ಸರಿಪಡಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.

ಪಟ್ಟಿ ತೋರಿಸಿದ್ದನ್ನು ನೋಡಿ ನಾವು ಕೆಲವು ಆರ್ಡರ್‌ಗಳನ್ನು ಜಾಬ್ ವರ್ಕ್‌ಗೆ ತಿರುಗಿಸಿಕೊಂಡೆವು. ಅಂದರೆ ಮಾಲು ಗಿರಾಕಿಯದೇ, ನಮ್ಮದು ಕೆಲಸದ ಕೂಲಿ ಮಾತ್ರ. ಲಾಭ ಕಡಿಮೆಯಾಯಿತು, ನಿಜ. ಆದರೆ ಉಕ್ಕಿನಲ್ಲಿ ನಮ್ಮ ಹಣ ಸಿಕ್ಕಿಕೊಳ್ಳಲಿಲ್ಲ. ಇದಕ್ಕೆ ಒಪ್ಪದ, ಮುಂಗಡವನ್ನೂ ಕೊಡದ ಕೆಲವು ದೊಡ್ಡ ಆರ್ಡರ್‌ಗಳನ್ನು ಬಿಟ್ಟುಕೊಟ್ಟೆವು. ಅಷ್ಟು ದಿನ ಕೆಲಸವಿಲ್ಲದೆ ಕೂತು, ಬಂದ ಕೆಲಸವನ್ನು ಬೇಡ ಎನ್ನುವುದು ಮಾಲೀಕರ ಹೊಟ್ಟೆಗೆ ಎಷ್ಟು ಸಂಕಟ ಕೊಟ್ಟಿತೆಂದು ನನಗೆ ಗೊತ್ತು.

ಸಾಲದ ಕಂತು ಮುಂದೂಡುವ ಅವಕಾಶ ಹಲವು ದೇಶಗಳಲ್ಲಿ ಸಿಕ್ಕಿತು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಮೊದಲು ಮೂರು ತಿಂಗಳಿಗೆ ಅನುಮತಿ ಕೊಟ್ಟು, ಅದನ್ನು ಆಗಸ್ಟ್ 31ರವರೆಗೆ ಬೆಳೆಸಿತು. ಮುಂದೂಡಿಕೆ ಎಂದರೆ ಮನ್ನಾ ಅಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. ನಾವು ಅಸಲನ್ನು ಮಾತ್ರ ಮುಂದಕ್ಕೆ ಹಾಕಿ, ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಕೊಂಡು ಬಂದೆವು.

ಇನ್ನು ಆರ್ಡರ್‌ಗಳ ವಿಷಯ. ಯಾವ ಬೇಡಿಕೆ ಮುಂದಕ್ಕೆ ಹೋಗಿದೆ, ಯಾವುದು ಹೋಗಿಯೇ ಬಿಟ್ಟಿದೆ ಎಂದು ಬೇರ್ಪಡಿಸದೆ ಚೇತರಿಕೆಯ ಮಾತಾಡುವುದರಲ್ಲಿ ಅರ್ಥವಿಲ್ಲ. ತಪ್ಪಿಹೋದ ಕ್ಷೌರಕ್ಕೆಂದು ಮುಂದಿನ ತಿಂಗಳು ಯಾರೂ ಎರಡು ಸಲ ತಲೆ ಕೊಡುವುದಿಲ್ಲ. ಆ ಆದಾಯ ಹೋದದ್ದು ಹೋದದ್ದೇ. ಈ ವರ್ಷ ಕೊಳ್ಳದ ಪಂಪನ್ನು ಮಾತ್ರ ಮುಂದಿನ ವರ್ಷ ಕೊಳ್ಳುತ್ತಾರೆ. ಹೋಟೆಲು, ಪ್ರವಾಸ, ಮನರಂಜನೆಯವರು ತಡವಾಗಿ ಏಳುವುದಕ್ಕೂ ನಮ್ಮಂಥ ತಯಾರಿಕೆಯವರು ಬೇಗ ಏಳುವುದಕ್ಕೂ ಇದೊಂದು ಮುಖ್ಯ ಕಾರಣ. ಇದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ.

ಆದರೆ ಹಾಗೆ ಬಂದ ಬೇಡಿಕೆಯಲ್ಲೂ ಜೊಳ್ಳು ಇರುತ್ತದೆ. 2021ರಲ್ಲಿ ಎಲ್ಲರಿಗೂ ಮಾಲು ಸಿಗದ ಭಯ. ಹತ್ತು ಬೇಕಾದವರು ಮೂರು ಕಡೆ ಹತ್ತತ್ತು ಬರೆಸುತ್ತಿದ್ದರು, ಯಾರು ಮೊದಲು ಕೊಡುತ್ತಾರೋ ಅವರಿಂದ ತೆಗೆದುಕೊಂಡು ಉಳಿದದ್ದನ್ನು ರದ್ದು ಮಾಡುವ ಲೆಕ್ಕಾಚಾರ. ಆರ್ಡರ್ ಪುಸ್ತಕದ ದಪ್ಪ ನೋಡಿ ಜನರನ್ನು ಸೇರಿಸಿಕೊಂಡವರು ಆಮೇಲೆ ಕಳಿಸಬೇಕಾಗಿ ಬಂತು. ನಾವು ಸಣ್ಣದೊಂದು ಮುಂಗಡ ಕೇಳುತ್ತಿದ್ದೆವು. ಕೇಳಿದ ಮೇಲೆ ಎಷ್ಟೋ ಜನ ಮರಳಿ ಫೋನೇ ಮಾಡಲಿಲ್ಲ. ನಿಜವಾದ ಬೇಡಿಕೆಯೂ ನಡುವೆ ನಿಂತುಬಿಡುವುದಿತ್ತು. 2020ರ ಆರಂಭದಲ್ಲಿ ಕಾರು ತಯಾರಕರು ಚಿಪ್‌ಗಳ ಆರ್ಡರ್ ಕಡಿತ ಮಾಡಿದ್ದರು. ಚಿಪ್ ಕಾರ್ಖಾನೆಗಳ ಸಾಮರ್ಥ್ಯ ಕಂಪ್ಯೂಟರ್, ಫೋನುಗಳ ಕಡೆ ಹೊರಳಿತು. ಬೇಡಿಕೆ ಮರಳಿದಾಗ ಕಾರುಗಳಿಗೆ ಚಿಪ್ ಇಲ್ಲ. ಚಿಪ್ ಇಲ್ಲದ ಕಾರಿಗೆ ನಾವು ಮಾಡಿದ ಬಿಡಿಭಾಗವೂ ಬೇಡ.

ಜನರ ವಿಷಯದಲ್ಲಿ ನಾವು ಬಹಳ ಬೇಗ ಒಂದು ತೀರ್ಮಾನಕ್ಕೆ ಬಂದಿದ್ದೆವು: ತಲೆ ಕಡಿಮೆ ಮಾಡುವುದಿಲ್ಲ, ಗಂಟೆ ಕಡಿಮೆ ಮಾಡುತ್ತೇವೆ. ಪಾಳಿಗಳನ್ನು ಹಂಚಿದೆವು, ಸಂಬಳವನ್ನೂ ಇಳಿಸಿದೆವು. ಮಾಲೀಕರದ್ದು ಎಲ್ಲರಿಗಿಂತ ಮೊದಲು ಇಳಿಯಿತು. ಯಾರಿಗೂ ಸಂತೋಷವಾಗಲಿಲ್ಲ. ಜರ್ಮನಿ ಇದನ್ನೇ ದೇಶದ ಮಟ್ಟದಲ್ಲಿ ಮಾಡಿತು. ಅಲ್ಲಿನ ಕುರ್ಟ್ಸ್‌ಆರ್ಬೈಟ್ ವ್ಯವಸ್ಥೆಯಲ್ಲಿ ಕಡಿತವಾದ ಗಂಟೆಗಳ ಸಂಬಳದ ಒಂದು ಭಾಗವನ್ನು ಸರ್ಕಾರವೇ ಕೊಡುತ್ತದೆ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಮಂದಿ ಅದರಡಿ ಇದ್ದರು. ಕೆಲಸದಿಂದ ತೆಗೆಯದೆ ಮನೆಯಲ್ಲಿ ಕೂರಿಸಿದವರಿಗೆ ಸರ್ಕಾರ ಸಂಬಳ ಕೊಡುವ ಬ್ರಿಟನ್ನಿನ ಫರ್ಲೋ ಯೋಜನೆ ಶುರುವಿನಲ್ಲಿ ಸಂಬಳದ ಶೇ 80ರಷ್ಟನ್ನು ಭರಿಸಿ, 2021ರ ಸೆಪ್ಟೆಂಬರ್ 30ಕ್ಕೆ ಮುಗಿಯುವ ಹೊತ್ತಿಗೆ 1.17 ಕೋಟಿ ಕೆಲಸಗಳನ್ನು ಹಿಡಿದಿಟ್ಟಿತ್ತು. ಅಮೆರಿಕದಲ್ಲೂ ಸಂಬಳಕ್ಕೆಂದು ಸಾಲ ಕೊಟ್ಟರು, ಆದರೂ ಕೆಲಸ ಹೋದವರೇ ಹೆಚ್ಚು. ಎರಡೇ ತಿಂಗಳಲ್ಲಿ ಎರಡು ಕೋಟಿಗೂ ಮೀರಿ ಉದ್ಯೋಗ ಹೋಗಿ, ಹಿಂದಿನ ಮಟ್ಟ ಮುಟ್ಟಿದ್ದು 2022ರಲ್ಲಿ. ಹೀಗೆ ಕೆಲಸಗಾರರ ಜೊತೆಗಿನ ಸಂಬಂಧ ಉಳಿಸಿಕೊಳ್ಳುವ ದಾರಿ ದುಬಾರಿ, ಹಳೆಯ ಉದ್ಯಮಗಳನ್ನು ಬಲವಂತವಾಗಿ ಬದುಕಿಸಿಡುತ್ತದೆ ಎಂಬ ಟೀಕೆ ಇದೆ. ಇರಬಹುದು. ಮೈಕ್ರೋಮೀಟರ್ ಹಿಡಿಯುವ ಮೊದಲೇ ಕಣ್ಣಂದಾಜಿನಲ್ಲಿ ಅಳತೆಯ ತಪ್ಪು ಹಿಡಿಯುವ ಫಿಟ್ಟರ್‌ನನ್ನು ಕಳೆದುಕೊಂಡು ಹೊಸಬರನ್ನು ತಯಾರು ಮಾಡುವ ಖರ್ಚು ಏನೆಂದು ಆ ಟೀಕೆಯಲ್ಲಿ ಲೆಕ್ಕ ಹಾಕಿದ್ದು ನಾನು ಕಂಡಿಲ್ಲ.

ಜನರನ್ನು ಕಳಿಸಿಬಿಟ್ಟಿದ್ದ ನೆರೆಯ ಘಟಕಗಳಿಗೆ ಇದು ಬೇಗ ತಿಳಿಯಿತು. ಕೆಲಸ ಇದೆ ಬನ್ನಿ ಎಂದು ಕರೆದರೆ ಹಳಬರು ಸಿಗಲಿಲ್ಲ. ಕೆಲವರು ಬೇರೆ ಕಸುಬು ಹಿಡಿದಿದ್ದರು. ಕೆಲವರು ಹುಡುಕುವುದನ್ನೇ ಬಿಟ್ಟಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ದುಡಿಮೆಯ ಗಂಟೆಗಳು ಶೇ 8.8ರಷ್ಟು ಕುಸಿದವು, ಅಂದರೆ 25.5 ಕೋಟಿ ಪೂರ್ಣಾವಧಿ ಕೆಲಸಗಳಷ್ಟು. ನೇರವಾಗಿ ಇಲ್ಲವಾದ 11.4 ಕೋಟಿ ಉದ್ಯೋಗಗಳಲ್ಲಿ 8.1 ಕೋಟಿ ಮಂದಿ ‘ನಿರುದ್ಯೋಗಿ’ ಪಟ್ಟಿಗೂ ಸೇರದೆ ದುಡಿಮೆಯ ಲೋಕದಿಂದಲೇ ಹೊರಬಿದ್ದರು. ಹೆಂಗಸರಿಗೆ ಏಟು ಹೆಚ್ಚು. ನಮ್ಮಲ್ಲೂ ತಪಾಸಣೆ ವಿಭಾಗದ ಹೆಣ್ಣುಮಕ್ಕಳು ಶಾಲೆಗಳು ತೆರೆಯುವವರೆಗೆ ಪೂರ್ಣ ಪಾಳಿಗೆ ಬರಲಾಗಲಿಲ್ಲ. ಅವರಿಗೆ ಅರ್ಧ ಪಾಳಿ ಮಾಡಿಕೊಟ್ಟೆವು, ಮೇಲ್ವಿಚಾರಕರು ಗೊಣಗಿದರೂ.

ಕೆಲಸ ಹೆಚ್ಚಿದ ಮೇಲೂ ಹೊಸ ನೇಮಕ ಕೊನೆಗೇ ಆಗುವುದು. ಮೊದಲು ಕಡಿತವಾಗಿದ್ದ ಗಂಟೆ ಮರಳಿತು, ಆಮೇಲೆ ಸಂಬಳ, ಆಮೇಲೆ ಓವರ್‌ಟೈಮ್. ಅದೂ ಸಾಲದಾದಾಗ ಗುತ್ತಿಗೆಯವರು. ಓವರ್‌ಟೈಮ್ ಸತತವಾಗಿ ಎರಡು ತ್ರೈಮಾಸಿಕ ಇಳಿಯದಿದ್ದರೆ ಮಾತ್ರ ಕಾಯಂ ನೇಮಕ ಎಂದು ನಾನು ನಿಯಮ ಮಾಡಿಕೊಂಡಿದ್ದೆ. ಹೊರಗಿನವರಿಗೆ ಇದು ಜಿಪುಣತನವಾಗಿ ಕಾಣುತ್ತದೆ. ಎರಡನೇ ಅಲೆ, ಮೂರನೇ ಅಲೆ ಬಂದುಹೋಗುತ್ತಿದ್ದ ಕಾಲದಲ್ಲಿ ಸೇರಿಸಿಕೊಂಡು ಮತ್ತೆ ಕಳಿಸುವುದಕ್ಕಿಂತ ಇದೇ ವಾಸಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈಗ ಮೂರು ತಿಂಗಳ ಸಂಬಳದಷ್ಟು ಹಣ ಬೇರೆ ಖಾತೆಯಲ್ಲಿದೆ. ಹೊಸ ಯಂತ್ರದ ಕೊಟೇಶನ್ ಬಂದಾಗಲೆಲ್ಲ ಮಾಲೀಕರು ಕೇಳುತ್ತಾರೆ, ‘ಅದು ಸುಮ್ಮನೆ ಮಲಗಿರೋ ದುಡ್ಡಲ್ವೇನ್ರೀ?’ ಹೌದು ಸಾರ್, ಮಲಗಿರಲಿ ಅನ್ನುತ್ತೇನೆ. ಯಂತ್ರಕ್ಕೆ ಬ್ಯಾಂಕ್ ಸಾಲ ಕೊಡುತ್ತದೆ, ಕೆಲಸ ನಿಂತ ತಿಂಗಳ ಸಂಬಳಕ್ಕೆ ಕೊಡುವುದಿಲ್ಲ.