ಹಳೇ ಹೆವಿವೇಟ್ ಬಾಕ್ಸರ್‌ನ ಎದುರಾಳಿಗಳನ್ನು ತೂಗಿ ನೋಡುವುದು ಹೇಗೆ

ನಮ್ಮಪ್ಪ ಹಲಸೂರಿನ ಸೇನಾ ಕೇಂದ್ರ ಎಂಇಜಿ ಸೆಂಟರ್‌ನಲ್ಲಿದ್ದಾಗ ಬಾಕ್ಸಿಂಗ್ ಆಡುತ್ತಿದ್ದರು. ಯಾರೋ ಗೆದ್ದ ಅಂತ ನಾನು ಕುಣಿದರೆ ಅವರು ಕೇಳುತ್ತಿದ್ದುದು ಒಂದೇ ಮಾತು: "ಎದುರಿಗಿದ್ದವನು ಆವತ್ತು ಹೇಗಿದ್ದ?" ಹಳೇ ದಾಖಲೆ ಓದುವಾಗ ನಾನು ಈಗಲೂ ಅದೇ ಪ್ರಶ್ನೆ ಹಿಡಿದು ಕೂರುತ್ತೇನೆ.

ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಒಬ್ಬ ಎದುರಾಳಿಗೆ ಒಂದು ಪುಟ. ಪಂದ್ಯದ ತಾರೀಕು, ಆ ದಿನ ಅವನ ವಯಸ್ಸು, ತೂಕ, ಅದಕ್ಕೆ ಮುಂಚೆ ಯಾವಾಗ ರಿಂಗ್‌ಗೆ ಇಳಿದಿದ್ದ, ಇಷ್ಟು ಬರೆಯಿರಿ. ಒಟ್ಟು ಗೆಲುವು ಸೋಲಿನ ಲೆಕ್ಕ ಸದ್ಯಕ್ಕೆ ಬೇಡ.

ಹೆವಿವೇಟ್ ವಿಶ್ವ ಪಟ್ಟ ಗೆದ್ದ ಮೊದಲ ಕಪ್ಪು ಬಾಕ್ಸರ್ ಜಾಕ್ ಜಾನ್ಸನ್‌ನನ್ನೇ ನೋಡೋಣ. 1910ರ ಜುಲೈ 4ರಂದು ರೀನೋದಲ್ಲಿ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು 15ನೇ ರೌಂಡ್‌ನಲ್ಲಿ ಸೋಲಿಸಿದ. ದೊಡ್ಡ ಹೆಸರು, ಅಲ್ವಾ? ಆದರೆ ಜೆಫ್ರೀಸ್ ಅದಕ್ಕೆ ಮುಂಚೆ ಆಡಿದ್ದು 1904ರ ಆಗಸ್ಟ್‌ನಲ್ಲಿ. ಸುಮಾರು 45 ಕೆಜಿ ಇಳಿಸಿಕೊಂಡು ಬಂದಿದ್ದ. 1909ರಲ್ಲಿ ಜಾನ್ಸನ್ ಮಲಗಿಸಿದ ಸ್ಟಾನ್ಲಿ ಕೆಚೆಲ್ ಮಿಡ್ಲ್‌ವೇಟ್ ಚಾಂಪಿಯನ್, ಅಂದರೆ ಹೆವಿವೇಟ್‌ಗಿಂತ ಹಗುರ ವಿಭಾಗದವನು. 1908ರಲ್ಲಿ ಸಿಡ್ನಿಯಲ್ಲಿ ಪಟ್ಟ ಕಳೆದುಕೊಂಡ ಟಾಮಿ ಬರ್ನ್ಸ್‌ನ ಎತ್ತರ ಬರೀ 5 ಅಡಿ 7 ಅಂಗುಲ.

ಇಷ್ಟಕ್ಕೇ ಜಾನ್ಸನ್‌ನನ್ನು ಕೆಳಗಿಳಿಸಬೇಡಿ. ಪಟ್ಟಕ್ಕೆ ಮುಂಚಿನ ವರ್ಷಗಳಿಗೆ ಹೋಗಿ. ಸ್ಯಾಮ್ ಮ್ಯಾಕ್‌ವೇ, ಜೋ ಜೆನೆಟ್, ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕಪ್ಪು ಬಾಕ್ಸರ್‌ಗಳು ಅಲ್ಲಿ ಸಿಗುತ್ತಾರೆ. ನನ್ನ ಮಟ್ಟಿಗೆ ಅವನ ನಿಜವಾದ ಪರೀಕ್ಷೆ ಅದೇ. ಅಲ್ಲೂ ತೂಕ ನೋಡಿ. 1906ರಲ್ಲಿ 15 ರೌಂಡ್ ಆಡಿ ಸೋತ ಲ್ಯಾಂಗ್‌ಫರ್ಡ್ ಜಾನ್ಸನ್‌ಗಿಂತ ಸುಮಾರು 13 ಕೆಜಿ ಹಗುರ. ಮುಂದೆ ಅವನು ಮೈ ತುಂಬಿಕೊಂಡು ಬಲಿತ. ಚಾಂಪಿಯನ್ ಆದ ಜಾನ್ಸನ್ ಅವನ ಎದುರು ಮತ್ತೆ ನಿಲ್ಲಲೇ ಇಲ್ಲ. ಅದಕ್ಕೇ ಆಡದೇ ಬಿಟ್ಟವರಿಗೂ ಒಂದು ಪುಟ ಇಡಿ.

ಆ ಪುಟ ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. 1880ರ ದಶಕದ ಚಾಂಪಿಯನ್ ಜಾನ್ ಎಲ್. ಸಲಿವನ್ ಕಪ್ಪು ಬಾಕ್ಸರ್‌ಗಳ ಜೊತೆ ಆಡುವುದಿಲ್ಲ ಅಂತ ಬಾಯಿಬಿಟ್ಟೇ ಹೇಳಿದ. 1891ರಲ್ಲಿ ಮುಂದೆ ಚಾಂಪಿಯನ್ ಆದ ಕಾರ್ಬೆಟ್ ಜೊತೆ 61 ರೌಂಡ್ ನಿಂತ ಕಪ್ಪು ಬಾಕ್ಸರ್ ಪೀಟರ್ ಜಾಕ್ಸನ್‌ಗೆ ಪಟ್ಟದ ಪಂದ್ಯ ಸಿಗಲೇ ಇಲ್ಲ. ಬಾಗಿಲು ಮುಚ್ಚಿದ ಮೇಲೆ ಇಂಥವರು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಗುದ್ದಾಡಬೇಕಾಯಿತು. 1909ರಲ್ಲಿ ಪ್ಯಾರಿಸ್‌ನಲ್ಲಿ ಜೆನೆಟ್, ಮ್ಯಾಕ್‌ವೇ ಆಡಿದ್ದು 49 ರೌಂಡ್. ಅವರ ಸೋಲಿನ ಸಂಖ್ಯೆ ಜಾಸ್ತಿ ಕಂಡರೆ ಸುಮ್ನೆ ಮಾಮೂಲಿ ಆಟಗಾರರು ಅಂದುಬಿಡಬೇಡಿ. ಯಾರ ಕೈಲಿ ಸೋತರು ಅಂತ ನೋಡಿ.

ಲ್ಯಾಂಗ್‌ಫರ್ಡ್‌ಗೆ ಮಾತ್ರ ನಾನು ಎರಡು ಪುಟ ಇಟ್ಟಿದ್ದೇನೆ. 1914ರಲ್ಲಿ ಅವನು ಇನ್ನೊಬ್ಬ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್‌ನನ್ನು 14ನೇ ರೌಂಡ್‌ನಲ್ಲಿ ಮಲಗಿಸಿದ್ದ. 1917ರಲ್ಲಿ ಫ್ರೆಡ್ ಫುಲ್ಟನ್ ಜೊತೆಗಿನ ಪಂದ್ಯದಲ್ಲಿ ಲ್ಯಾಂಗ್‌ಫರ್ಡ್‌ನ ಒಂದು ಕಣ್ಣು ಹೋಯಿತು. ಆಮೇಲೆ ವಿಲ್ಸ್ ಗೆಲ್ಲುತ್ತಾ ಹೋದ. ಹೆಸರು ಅದೇ, ಎದುರಿಗಿದ್ದ ಮನುಷ್ಯ ಅದೇ ಅಲ್ಲ.

ಇನ್ನು ಫಲಿತಾಂಶದ ಮಾತು. ನ್ಯೂಯಾರ್ಕ್‌ನಲ್ಲಿ 1911ರಿಂದ 1917ರವರೆಗೆ ಪಾಯಿಂಟ್ ಮೇಲೆ ತೀರ್ಪು ಕೊಡುವಂತಿರಲಿಲ್ಲ. ನಾಕೌಟ್ ಆಗದಿದ್ದರೆ ಯಾರು ಮೇಲು ಅಂತ ಮರುದಿನ ಪತ್ರಿಕೆಗಳೇ ಬರೆಯುತ್ತಿದ್ದವು. ಬಾಕ್ಸರ್‌ನ ಸ್ವಂತ ಊರಿನ ಪತ್ರಿಕೆ ಅವನ ಕಡೆ ವಾಲಿರಬಹುದು, ಬೇರೆ ಊರಿನದನ್ನೂ ಹುಡುಕಿ. ಎರಡೂ ಒಂದೇ ಮಾತು ಹೇಳಿದರೆ ಪೆನ್ನಿನಲ್ಲಿ ಬರೆಯಿರಿ. ಒಂದೇ ಸಿಕ್ಕರೆ ಪೆನ್ಸಿಲ್.